ಎಡ ಮಡ್‌ಗಾರ್ಡಿನ ಬಗ್ಗೆ

ಆಂಟ್‌ವೆರ್ಪಿನಿಂದ ಬಂದ ಬೆಲೆಕಟ್ಟುವವನ ಕೈಯಲ್ಲಿ
ಬೆಂಕಿಪೊಟ್ಟಣದಷ್ಟು ಯಂತ್ರ.
ಕಾರಿನ ಮೈಗೆ ಆನಿಸಿದರೆ
ಹಲ್ಲಿಯಂತೆ ಒಮ್ಮೆ ಲೊಚಗುಟ್ಟಿ
ಬಣ್ಣದ ದಪ್ಪ ಹೇಳುತ್ತದೆ, ಮೈಕ್ರಾನ್ ಲೆಕ್ಕದಲ್ಲಿ.

ಬಾನೆಟ್ಟು ಇನ್ನೂರ ನಲವತ್ತು.
ಬಾಗಿಲು ಇನ್ನೂರ ಮೂವತ್ತೈದು.
'ಕಾರ್ಖಾನೆಯ ಬಣ್ಣ ನೂರಿಪ್ಪತ್ತು ದಾಟುವುದಿಲ್ಲ,' ಅಂದ ಲೋವಿ,
ಜ್ವರ ಬಂದ ಮಗುವಿನ ತಾಯಿಗೆ ಹೇಳುವ ದನಿಯಲ್ಲಿ.
ಗೋಡೆಲೀವ ನನ್ನ ಕಡೆ ನೋಡಲಿಲ್ಲ.

ಬಳಿದವನು ನಾನು. ಇಪ್ಪತ್ತೆರಡು ವರ್ಷದ ಕೆಳಗೆ,
ಗೆಂಟ್ ಊರಿನ ರೈಲು ಸೇತುವೆಯಡಿಯ ಇದೇ ಶೆಡ್ಡಿನಲ್ಲಿ.
ಗೂಡ್ಸು ಹೋದರೆ ಧೂಳು ಉದುರುತ್ತದೆಂದು
ರಾತ್ರಿ ಎರಡರಿಂದ ನಾಲ್ಕರವರೆಗೆ ಮಾತ್ರ ಗನ್ ಹಿಡಿದು,
ನೆಲಕ್ಕೆ ನೀರು ಚಿಮುಕಿಸಿ,
ಉಸಿರು ಬಿಗಿಹಿಡಿದು ಎಳೆದ ಕೆಂಪು.
ಇಂದಿಗೂ ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದು.
ನನ್ನ ಜೀವಮಾನದ ಒಳ್ಳೆಯ ಕೆಲಸ.
ಅದರ ಬೆಲೆ ಈಗ ಗೊತ್ತಾಯಿತು:
ಹದಿನೆಂಟು ಸಾವಿರ ಯೂರೊ, ಕಳೆಯುವ ಲೆಕ್ಕದಲ್ಲಿ.

ಹುಟ್ಟುಬಣ್ಣ ಹಸಿರು.
ಬಾಗಿಲ ಕಂಬದ ತಗಡಿನಲ್ಲಿ ಅದರ ಸಂಖ್ಯೆ ಇನ್ನೂ ಇದೆ.
ಹಳಸಿದ ಬಟಾಣಿ ಗಂಜಿಯ ಹಸಿರು ಅದು,
ಅಂಗಡಿಯವನು ರಿಯಾಯಿತಿ ಕೊಟ್ಟು
ಆಖೀಲನ ತಲೆಗೆ ಕಟ್ಟಿದ್ದ.
ಈಗ ಅದಕ್ಕೇ ಜನ ಮುಗಿಬೀಳುತ್ತಾರಂತೆ.
ಯಾರಿಗೂ ಬೇಡವಾದದ್ದು ಕಡಿಮೆ ಉಳಿಯುತ್ತದೆ,
ಕಡಿಮೆ ಉಳಿದದ್ದು ಎಲ್ಲರಿಗೂ ಬೇಕಾಗುತ್ತದೆ.
ಗೀರಿರಲಿ, ಮಾಸಿರಲಿ,
ಮೊದಲ ಚರ್ಮ ಇರಬೇಕು ಅನ್ನುತ್ತಾನೆ ಲೋವಿ.
'ಬಣ್ಣ ಬದಲಾದ ಕಾರು ಏನೋ ಮುಚ್ಚಿಟ್ಟಿದೆ ಅಂತ
ಕೊಳ್ಳುವವರ ಅನುಮಾನ.
ಆಸೆಗೆ ಬಳಿಸಿದ್ದಾದರೆ ಹದಿನೆಂಟು ಹೋಯಿತು,
ಅಪಘಾತಕ್ಕಾದರೆ ಮೂವತ್ತು.
ಬಳಿದವರು ಒಂದು ಕಾಗದ ಬರೆದುಕೊಟ್ಟರೆ...'

ಮಾತು ಮುಗಿಸದೆ ಎಡ ಮಡ್‌ಗಾರ್ಡಿಗೆ ಆನಿಸಿದ.
ಲೊಚ್.
ಒಂಬೈನೂರ ಹತ್ತು.
ನಂಬದೆ ಇನ್ನೊಮ್ಮೆ.
ಲೊಚ್.

ಹದಿನೇಳರ ವಾನ್ನೆಸ್,
ಅಪ್ಪ ಆಸ್ಟೆಂಡಿಗೆ ಹೋಗಿದ್ದ ವಾರ, ಬೀಗದ ಕೈ ಕದ್ದು,
ಕಾಲುವೆ ದಂಡೆಯ ಕಲ್ಲುಗೂಟದ ತನಕ ಹೋಗಿದ್ದ.
ಬೆಳಗಾಗುವ ಮೊದಲೇ ಅವನ ಅಮ್ಮ ಇಲ್ಲಿ ನಿಂತಿದ್ದಳು,
ಮಳೆಕೋಟಿನ ಒಳಗೆ ಮಲಗುವ ಗೌನು.
'ಒಂದು ತುಂಡಿಗೆ ಆ ಹಸಿರು ಹೊಂದುವುದಿಲ್ಲ,
ಬಿಸಿಲಿಗೆ ಮಾಗಿಬಿಟ್ಟಿದೆ,' ಅಂದೆ.
'ಹಾಗಾದರೆ ಇಡೀ ಕಾರಿಗೆ ಬೇರೆ ಹೊಡಿ.
ಹುಟ್ಟುಹಬ್ಬದ ಉಡುಗೊರೆ ಅನ್ನುತ್ತೇನೆ.'
ಮುಷ್ಟಿಯಗಲದ ತಗ್ಗಿಗೆ
ಅಷ್ಟುದ್ದದ ಕೆಂಪು.

ಆಖೀಲ್ ಬಂದ. ಒಂದು ಸುತ್ತು ಸುತ್ತಿದ.
ಎಡಗಡೆ ಕೊಂಚ ಹೆಚ್ಚು ಹೊತ್ತು ನಿಂತನೇ?
ಹಾಗನ್ನಿಸಿತ್ತು ನನಗೆ, ಆಗಲೂ.
'ಕೆಂಪು ಚೆನ್ನಾಗಿದೆ,' ಅಂದ,
ಹೆಂಡತಿಗಲ್ಲ, ಮಗನಿಗೆ.
ಈ ಮಾರ್ಚಿನಲ್ಲಿ ತೀರಿಕೊಳ್ಳುವವರೆಗೂ
ಬೇರೆ ಮಾತು ಆಡಲಿಲ್ಲ.

ಲೋವಿ ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದಾನೆ.
ಅವನ ಯಂತ್ರಕ್ಕೆ ಎಷ್ಟು ಅನ್ನುವುದು ಗೊತ್ತು,
ಯಾಕೆ ಅನ್ನುವುದು ಗೊತ್ತಿಲ್ಲ.
'ಆಸೆಗೆ' ಎಂದು ಬರೆದರೆ
ಪೂರ್ತಿ ಸುಳ್ಳೂ ಅಲ್ಲ, ನೋಡಿ.

ಗೋಡೆಲೀವ ಈಗ ನನ್ನ ಕಡೆ ತಿರುಗಿದಳು.
'ಇದ್ದದ್ದು ಇದ್ದ ಹಾಗೆ ಬರಿ.
ಹುಡುಗನ ಹೆಸರೂ ಹಾಕು, ಮೂವತ್ತೊಂಬತ್ತಾಯಿತು ಅವನಿಗೆ.
ಹನ್ನೆರಡು ಸಾವಿರಕ್ಕೆ
ಇನ್ನೊಂದು ಕೋಟು ಬೇಡ.'

ಬರೆದೆ.
ಎಡ ಮಡ್‌ಗಾರ್ಡು: ಕಲ್ಲಿಗೆ ತಾಗಿ ತಗ್ಗು. ಪುಟ್ಟಿ ತುಂಬಿ ಕೈಯಲ್ಲೇ ಉಜ್ಜಿದ್ದು.
ತಾರೀಕು. ವಾನ್ನೆಸ್. ನನ್ನ ರುಜು.
ರುಜುವಿನ ಕೆಳಗೆ, ಯಾರೂ ಕೇಳದಿದ್ದರೂ,
ಇನ್ನೊಂದು ಸಾಲು:
ಕೆಂಪು ಮೂರು ಕೋಟು. ಎಲ್ಲಿಯೂ ಒಂದು ಹನಿ ಜಾರಿಲ್ಲ.